ಹುಲ್ಲು ಹೂ ಬಿಡುವ ಕಾಲ

ಭಾದ್ರಪದ ಮಾಸ ಸಮೀಪಿಸಿತೆಂಬುದನ್ನು ಪಂಚಾಂಗಕ್ಕಿಂತ ಮೊದಲು ನನ್ನ ಮೂಗು ಸಾರುತ್ತದೆ. ಧಾರವಾಡದ ಜಿಟಿಜಿಟಿ ಮಳೆ ತುಸು ಹಿಂದೆ ಸರಿದು, ಎರಡು ದಿನ ಬಿಸಿಲು ಬಿದ್ದು, ಬಯಲಿನ ಹುಲ್ಲೆಲ್ಲ ಮೊಣಕಾಲೆತ್ತರಕ್ಕೆ ನಿಂತು ತೆನೆ ಹೊರಹಾಕಿತೆಂದರೆ ಸಾಕು. ಬೆಳಗ್ಗೆ ಬಾಗಿಲು ತೆರೆದೊಡನೆ ಅಂಗುಳಿನಲ್ಲಿ ಒಂದು ನವೆ, ಕಣ್ಣಿನ ಮೂಲೆಯಲ್ಲಿ ಒಂದು ಉರಿ, ಅನಂತರ ಒಂದರ ಹಿಂದೊಂದು ಹನ್ನೆರಡು ಹದಿನೈದು ಸೀನುಗಳು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಮ್ಮ ಹಿರಿಯರು ಲೆಕ್ಕ ಹಾಕಿಟ್ಟಿದ್ದರು. ಹದಿನೈದು ಸೀನಿನ ಫಲವೇನೆಂಬುದನ್ನು ಯಾವ ಶಕುನಜ್ಞನೂ ನನಗೆ ಈವರೆಗೆ ತಿಳಿಸಿಲ್ಲ.

ನನ್ನ ಬಳಿ ಕಲಿತವರಿಗೆ ಇದು ಹೊಸ ಸಂಗತಿಯಲ್ಲ. ಇಂದಿನ ಹಾವೇರಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 1979ರಿಂದ 34 ವರ್ಷ ವಿಜ್ಞಾನ ಬೋಧಿಸಿದ ನನಗೆ ನೀವು ಇಟ್ಟಿದ್ದ ಹೆಸರು ‘ಸೀನು ಮಾಸ್ತರ’. ಅದು ನನ್ನ ಕಿವಿಗೆ ಬಿದ್ದಿಲ್ಲವೆಂದು ನೀವು ನಂಬಿದ್ದಿರಿ. ಆ ನಂಬಿಕೆಯನ್ನು ನಾನೂ ಕೆಡಿಸಲಿಲ್ಲ. ಒಮ್ಮೆ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಆ ಹೆಸರನ್ನು ಕೇಳಿ, ನನ್ನ ಪೂರ್ಣ ನಾಮಧೇಯ ಶ್ರೀನಿವಾಸ ಎಂದು ಊಹಿಸಿ, ಹಾಜರಿ ಪತ್ರದಲ್ಲಿ ಹಾಗೆಯೇ ಬರೆದುಬಿಟ್ಟಿದ್ದರು. ಈಗಲೂ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕುಶಲ ವಿಚಾರಿಸುವಾಗ, “ಸರ, ಸೀನು ಈಗರೆ ನಿಂತಾವೇನ್ರಿ?” ಎಂದು ಕೇಳುವುದುಂಟು. ನಿಂತಿಲ್ಲ. ಆದರೆ ನನಗೀಗ ಎಪ್ಪತ್ತೆರಡು ವರ್ಷ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ, ವಾರಕ್ಕೆರಡು ಬಾರಿ ಸೈಕಲ್ ತುಳಿಯುತ್ತೇನೆ. ಹೇಗೆ ಎಂಬುದನ್ನೂ, ಈ ವರ್ಷ ನಮ್ಮ ಮನೆಯಲ್ಲಿ ಇದೇ ವಿಷಯವಾಗಿ ನಡೆದ ಒಂದು ವಾಗ್ವಾದವನ್ನೂ ಬರೆಯಬೇಕೆನಿಸಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸುತ್ತೇನೆ. ನನ್ನ ಸೀನಿಗೆ ಸೀಮೆಸುಣ್ಣದ ಧೂಳೇ ಕಾರಣವೆಂದು ನಿಮ್ಮಲ್ಲಿ ಬಹುಮಂದಿ ತಿಳಿದಿದ್ದಿರಿ. ಖಡುವಿನ ಪುಡಿ ಮೂಗನ್ನು ಕೆರಳಿಸುವುದು ನಿಜ. ಆದರೆ ಸೀಮೆಸುಣ್ಣ ಜೂನ್‌ನಿಂದ ಏಪ್ರಿಲ್‌ವರೆಗೆ ಒಂದೇ ಸಮನೆ ಉದುರುತ್ತಿತ್ತು. ನನ್ನ ಮೂಗೋ ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗೆ, ಮತ್ತೆ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಮಾತ್ರ ಸುರಿಯುತ್ತಿತ್ತು. ಕಾಲವನ್ನು ಗಮನಿಸಿದರೆ ಕಾರಣ ತಾನಾಗಿ ತೋರುತ್ತದೆ. ಮೊದಲನೆಯದು ಬಯಲು ಹುಲ್ಲು ಮತ್ತು ಮುಂಗಾರಿ ಜೋಳ ಹೂ ಬಿಡುವ ಕಾಲ. ಎರಡನೆಯದು ಹಿಂಗಾರಿ ಜೋಳದ ಕಾಲ.

ಹುಲ್ಲಿಗೂ ಹೂವುಂಟೇ ಎಂದು ಒಂಬತ್ತನೆಯ ತರಗತಿಯಲ್ಲಿ ಪ್ರತಿವರ್ಷ ಒಬ್ಬರಾದರೂ ಕೇಳುತ್ತಿದ್ದರು. ಆಗ ನಾನು ಇಡೀ ತರಗತಿಯನ್ನು ಮೈದಾನದ ಅಂಚಿಗೆ ಕರೆದೊಯ್ದು ಗರಿಕೆಯ ಕದಿರನ್ನು ತೋರಿಸುತ್ತಿದ್ದೆ (ಮೂಗಿಗೆ ಕರವಸ್ತ್ರ ಕಟ್ಟಿಕೊಂಡು!). ಹಕ್ಕಿಯ ಕಾಲ್ಬೆರಳುಗಳಂತೆ ಹರಡಿದ ನಾಲ್ಕೈದು ಕಡ್ಡಿಗಳು, ಅವುಗಳಿಗೆ ತೂಗುಬಿದ್ದ ಸಣ್ಣ ಪರಾಗಕೋಶಗಳು, ಗರಿಯಂಥ ಶಲಾಕೆ. ಎಸಳಿಲ್ಲ, ಬಣ್ಣವಿಲ್ಲ, ಮಕರಂದವಿಲ್ಲ. ದುಂಬಿಯನ್ನು ಕರೆಯುವ ಹೂವಿಗೆ ಅಲಂಕಾರ ಬೇಕು. ಗಾಳಿಯನ್ನು ನಂಬಿದ ಹೂವಿಗೆ ಅದೇಕೆ? ಗಾಳಿಗೆ ವಿಳಾಸ ಗೊತ್ತಿಲ್ಲವಾದ್ದರಿಂದ ಹುಲ್ಲು ಲಕ್ಷಗಟ್ಟಲೆ ಪರಾಗವನ್ನು ತೂರಿಬಿಡುತ್ತದೆ. ಒಂದೊಂದು ಕಣದ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಇಪ್ಪತ್ತೈದರಿಂದ ನಲವತ್ತು ಭಾಗದಷ್ಟು. ಅವುಗಳಲ್ಲಿ ಗುರಿ ಮುಟ್ಟುವವು ಕೆಲವೇ. ಉಳಿದವುಗಳ ಪೈಕಿ ಕೆಲವು ನನ್ನಂಥವರ ಮೂಗಿಗೆ ಬರುತ್ತವೆ.

ಜೋಳ, ರಾಗಿ, ಸಜ್ಜೆ, ಭತ್ತ, ಗೋಧಿ, ಮೆಕ್ಕೆಜೋಳ, ಕಬ್ಬು, ಬಿದಿರು ಇವೆಲ್ಲವೂ ಹುಲ್ಲಿನ ಕುಟುಂಬದವೇ. ಅಂದರೆ ನಮ್ಮ ಅನ್ನವೇ ನಮ್ಮ ಸೀನು. (ಹೆದರಬೇಡಿ. ಪರಾಗ ಒಗ್ಗದವರೂ ಸಾಮಾನ್ಯವಾಗಿ ಕಾಳನ್ನು ನಿರಾತಂಕವಾಗಿ ತಿನ್ನಬಹುದು. ಹೊಲದ ಅಂಚಿನಲ್ಲಿ ನಿಲ್ಲಲಾರದ ನಾನು ಬಿಸಿಬಿಸಿ ಸೀತನಿಯನ್ನು ಬೊಗಸೆಗಟ್ಟಲೆ ತಿಂದಿದ್ದೇನೆ.) ಇನ್ನು ಗರಿಕೆಯ ಮಾತು. ಇಪ್ಪತ್ತೊಂದು ಎಳೆ ಗರಿಕೆಗೆ ಒಲಿಯುವ ವಿಘ್ನೇಶ್ವರನಿಗೆ ಪ್ರಿಯವಾದದ್ದೇ ನನಗೆ ವಿಘ್ನವಾಗಿರುವುದನ್ನು ನೆನೆದು ನನ್ನ ಮಡದಿ ಪ್ರತಿ ಚೌತಿಗೂ ನಗುತ್ತಾಳೆ. ಪೂಜೆಗೆ ಬಳಸುವುದು ಹೂ ಬಿಡದ ಎಳೆಯ ಕುಡಿ, ಅದರಿಂದ ಬಾಧೆಯಿಲ್ಲ ಎಂಬ ನನ್ನ ಸಸ್ಯಶಾಸ್ತ್ರೀಯ ಸಮರ್ಥನೆಯನ್ನು ಆಕೆ ಕೇಳಿಸಿಕೊಳ್ಳುವುದಿಲ್ಲ.

ಹಾಗೆಯೇ ‘ಕಾಂಗ್ರೆಸ್ ಹುಲ್ಲು’ ಎಂದು ನಾವು ಕರೆಯುವ ಪಾರ್ಥೇನಿಯಂ ಹುಲ್ಲೇ ಅಲ್ಲ. ಅದು ಸೇವಂತಿಗೆ, ಸೂರ್ಯಕಾಂತಿಗಳ ಬಳಗದ್ದು. 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು, ನಮ್ಮಲ್ಲಿಗೂ ಹಬ್ಬಿ, ರಸ್ತೆಯ ಇಕ್ಕೆಲಗಳನ್ನೂ ಆಕ್ರಮಿಸಿತು. ಅದನ್ನು ತಿನ್ನಿಸಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋ ಮೂಲದ ಜೀರುಂಡೆಯನ್ನು ಬಿಟ್ಟದ್ದೂ ಉಂಟು. ಅದರಿಂದ ಚರ್ಮದ ತುರಿಕೆಯೂ ಮೂಗಿನ ಬಾಧೆಯೂ ಬರುವುದು ಸತ್ಯ. ಆದರೆ ಎಲ್ಲ ಸೀನನ್ನೂ ಅದರ ತಲೆಗೆ ಕಟ್ಟಿ, ಅಂಗಳದ ಗರಿಕೆಯನ್ನು ನಿರಪರಾಧಿಯೆಂದು ಬಿಟ್ಟುಬಿಡುವುದು ನ್ಯಾಯವಲ್ಲ.

ಈ ವ್ಯಾಧಿಗೆ ಇಂಗ್ಲಿಷರು ‘ಹೇ ಫೀವರ್’ ಎಂದು ಹೆಸರಿಟ್ಟರು. ಒಣಹುಲ್ಲಿನ ಜ್ವರ ಎಂದರ್ಥ. ಇದಕ್ಕೆ ಒಣಹುಲ್ಲು ಕಾರಣವೂ ಅಲ್ಲ, ಇದರಲ್ಲಿ ಜ್ವರವೂ ಇಲ್ಲ. ಜಾನ್ ಬಾಸ್ಟಾಕ್ ಎಂಬ ವೈದ್ಯ 1819ರಲ್ಲಿ ಲಂಡನ್ನಿನ ವೈದ್ಯರ ಸಭೆಯ ಮುಂದೆ ಒಬ್ಬ ರೋಗಿಯ ವೃತ್ತಾಂತವನ್ನು ಮಂಡಿಸಿದ. ಆ ರೋಗಿ ಸ್ವತಃ ಅವನೇ. ಪ್ರತಿ ಬೇಸಿಗೆಯಲ್ಲೂ ತನ್ನ ಕಣ್ಣು ಮೂಗುಗಳಿಗೆ ಆಗುವ ಅವಸ್ಥೆಯನ್ನು ಬಣ್ಣಿಸಿ, ತನ್ನಂಥವರನ್ನು ಹುಡುಕುತ್ತ ಹೋದ. ಒಂಬತ್ತು ವರ್ಷಗಳ ಅನಂತರ ಎರಡನೆಯ ಲೇಖನ ಬರೆಯುವಾಗ ಅವನಿಗೆ ಸಿಕ್ಕಿದ್ದು 28 ಮಂದಿ ಮಾತ್ರ! ಕಾರಣ ಬಿಸಿಲಿರಬೇಕೆಂದು ಅವನು ಎಣಿಸಿದ್ದ. ಪರಾಗವೇ ಕಾರಣವೆಂದು ಪ್ರಯೋಗದಿಂದ ತೋರಿಸಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ, 1873ರಲ್ಲಿ. ಅವನೂ ರೋಗಿಯೇ. ಹುಲ್ಲಿನ ಪರಾಗವನ್ನು ತನ್ನ ಮೂಗಿಗೆ ತಾನೇ ಹಚ್ಚಿಕೊಂಡ, ಗೀರಿದ ಚರ್ಮಕ್ಕೆ ಸವರಿಕೊಂಡ, ಅಂಟು ಬಳಿದ ಗಾಜಿನ ತುಣುಕುಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಎತ್ತರ ಹಾರಿಸಿ, ಅಲ್ಲಿಯೂ ಪರಾಗ ತೇಲುತ್ತಿರುವುದನ್ನು ಸೂಕ್ಷ್ಮದರ್ಶಕದಡಿ ಎಣಿಸಿದ. ಮಕ್ಕಳಿಗೆ ವೈಜ್ಞಾನಿಕ ವಿಧಾನವೆಂದರೇನೆಂದು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಕ್ಕಿದ್ದಿಲ್ಲ.

ಬ್ಲ್ಯಾಕ್ಲಿ ಇನ್ನೊಂದು ಮಾತನ್ನೂ ಬರೆದಿದ್ದಾನೆ: ಪರಾಗದ ನಡುವೆಯೇ ದುಡಿಯುವ ರೈತರಲ್ಲಿ ಈ ಕಾಯಿಲೆ ಅಪರೂಪ, ಓದು ಬರಹದವರಲ್ಲಿಯೇ ಹೆಚ್ಚು ಎಂದು. ಅವನು ನನ್ನ ತಂದೆಯನ್ನು ನೋಡಿರಲಿಲ್ಲ.

ನನ್ನ ತಂದೆ ಎಂಟೆಕರೆ ಎರೆಭೂಮಿಯ ಒಕ್ಕಲಿಗರು. ಓದು ಬರಹ ಬಾರದು. ಸೀಗಿ ಹುಣ್ಣಿಮೆಯ ದಿನ ನಾವೆಲ್ಲ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಿದ್ದೆವು. ಭೂಮಿತಾಯಿಗೆ ಉಡಿ ತುಂಬಿ, ಬೆಳೆಗೆ ಚರಗ ಚೆಲ್ಲಿ, ಬನ್ನಿ ಮರದ ಕೆಳಗೆ ಕುಳಿತು ಉಣ್ಣುವ ಸಂಭ್ರಮ. ಅಪ್ಪ ಚರಗ ಚೆಲ್ಲುತ್ತ ಹೊಲದ ನಾಲ್ಕು ಬದುಗಳನ್ನೂ ಸುತ್ತಿ ಬರುವಷ್ಟರಲ್ಲಿ ಕಣ್ಣುಗಳು ಕೆಂಡವಾಗಿರುತ್ತಿದ್ದವು; ಮೂಗಿನಿಂದ ನೀರು ಧಾರಾಕಾರ. ಅವ್ವ ತನ್ನ ಸೆರಗಿನಿಂದ ಅವರ ಮುಖ ಒರೆಸುತ್ತಿದ್ದಳು. ಭೂತಾಯಿಯನ್ನು ಕಂಡು ಭಕ್ತಿಯಿಂದ ಕಣ್ಣೀರು ಬಂದಿದೆಯೆಂದೇ ಬಾಲ್ಯದಲ್ಲಿ ನನ್ನ ಭಾವನೆ. ಕಣದಲ್ಲಿ ರಾಶಿ ತೂರುವಾಗ ಉಸಿರು ಕಟ್ಟುತ್ತಿತ್ತು. ಐವತ್ತು ದಾಟಿದ ಮೇಲೆ ಎದೆಯಲ್ಲಿ ಸಿಳ್ಳೆಯ ಸದ್ದು ಆರಂಭವಾಯಿತು. ಊರವರು ಅದನ್ನು ದಮ್ಮು ಎಂದರು. ಬೀಡಿಯನ್ನು ಜನ್ಮದಲ್ಲಿ ಮುಟ್ಟದವರಿಗೆ ‘ಬೀಡಿ ಬಿಡು’ ಎಂದು ಉಪದೇಶ ಮಾಡಿದವರೂ ಇದ್ದರು.

1979ರಲ್ಲಿ, ನಾನು ನೌಕರಿಗೆ ಸೇರಿದ ವರ್ಷವೇ, ಮನೆಯವರೆಲ್ಲ ಸೇರಿ ಅಪ್ಪನ ಹೊಲದ ಕೆಲಸವನ್ನು ಬಿಡಿಸಿದರು. ಪ್ರೀತಿಯಿಂದಲೇ ಬಿಡಿಸಿದರು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ದಮ್ಮಿನವರು ಮೈ ದಂಡಿಸಬಾರದು ಎಂಬುದು ಆಗಿನ ತಿಳಿವಳಿಕೆ. ದಿನಕ್ಕೆ ಹತ್ತು ಮೈಲಿ ಓಡಾಡುತ್ತಿದ್ದ ಕಾಲುಗಳು ಎರಡೇ ವರ್ಷಗಳಲ್ಲಿ ಕಡ್ಡಿಯಾದವು. ಕೂತವರಿಗೆ ಉಸಿರಿನ ಶಕ್ತಿ ಇನ್ನಷ್ಟು ಕುಗ್ಗಿತು. ಕುಗ್ಗಿದ್ದರಿಂದ ಮತ್ತಷ್ಟು ಕೂತರು. 1984ರ ಹಿಂಗಾರಿ ಸುಗ್ಗಿಯ ಹೊತ್ತಿಗೆ ಅವರು ಇರಲಿಲ್ಲ. ಶ್ವಾಸನಾಳದ ಉರಿಯೂತವನ್ನು ತಗ್ಗಿಸುವ ಬೆಕ್ಲೊಮೆಥಾಸೋನ್ ಎಂಬ ಸೇದುವ ಔಷಧ 1972ರಲ್ಲಿಯೇ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತ್ತು ಎಂಬುದನ್ನು ನಾನು ಬಹುಕಾಲದ ಅನಂತರ ಓದಿದೆ. ಅಪ್ಪ ಕಟ್ಟೆ ಹಿಡಿದಾಗ ಅದಕ್ಕೆ ಏಳು ವರ್ಷ ವಯಸ್ಸು. ನಮ್ಮ ಊರಿಗೆ ಅದರ ಹೆಸರೂ ತಲುಪಿರಲಿಲ್ಲ.

ನನ್ನ ಪರೀಕ್ಷೆ ನಡೆದದ್ದು 1996ರಲ್ಲಿ, ಹುಬ್ಬಳ್ಳಿಯ ತಜ್ಞ ವೈದ್ಯರೊಬ್ಬರಲ್ಲಿ. ಮುಂಗೈಯ ಒಳಭಾಗದಲ್ಲಿ ಬೇರೆ ಬೇರೆ ಪರಾಗ, ಧೂಳು, ಬೂಷ್ಟುಗಳ ಸಾರದ ಹನಿಗಳನ್ನಿಟ್ಟು, ಪ್ರತಿ ಹನಿಯ ಮೂಲಕ ಚರ್ಮವನ್ನು ಸೂಜಿಯಿಂದ ಲಘುವಾಗಿ ಚುಚ್ಚಿ, ಕಾಲು ಗಂಟೆ ಕಾಯುತ್ತಾರೆ. ಅಲರ್ಜಿ ಗುಳಿಗೆಗಳನ್ನು ಕೆಲವು ದಿನ ಮುಂಚಿತವಾಗಿ ನಿಲ್ಲಿಸಿರಬೇಕು, ಇಲ್ಲವಾದರೆ ಫಲಿತಾಂಶ ಕಾಣದು. ಗರಿಕೆ ಮತ್ತು ಜೋಳದ ಹನಿಗಳಿದ್ದಲ್ಲಿ ದೊಡ್ಡ ಸೊಳ್ಳೆ ಕಚ್ಚಿದಂಥ ದದ್ದುಗಳು ಎದ್ದವು. ಉಳಿದೆಡೆ ಏನೂ ಇಲ್ಲ. ದೇಹವು ನಿರುಪದ್ರವಿಯಾದ ಪರಾಗವನ್ನು ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಪರಾಗ ಮತ್ತೆ ಬಂದಾಗ ಮೂಗಿನ ಒಳಪದರದ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ಸೀನು, ನವೆ, ನೀರು ಎಲ್ಲವೂ ಅದರ ಕೆಲಸ. ಕನ್ನಡದಲ್ಲಿ ಅಲರ್ಜಿಗೆ ಒಗ್ಗದಿಕೆ ಎಂಬ ಸೊಗಸಾದ ಮಾತಿದೆ. ನನಗೆ ಅದು ಇಷ್ಟ. ತಪ್ಪು ಹುಲ್ಲಿನದೂ ಅಲ್ಲ, ಮೂಗಿನದೂ ಅಲ್ಲ, ಇಬ್ಬರಿಗೂ ಒಗ್ಗಲಿಲ್ಲ, ಅಷ್ಟೆ.

ಅಪ್ಪನ ಕಟ್ಟೆ ನನ್ನ ಕಣ್ಣಮುಂದೆ ಇದ್ದುದರಿಂದ ಕೂರಬಾರದೆಂದು ನಿಶ್ಚಯಿಸಿದೆ. ಮೇಷ್ಟ್ರಿಗೆ ಗೊತ್ತಿರುವುದು ಒಂದೇ ವಿದ್ಯೆ, ಬರೆದಿಡುವುದು. ನಿವೃತ್ತಿಯ ಅನಂತರ ಮೂರು ವರ್ಷ ಒಂದು ಇನ್ನೂರು ಪುಟದ ನೋಟುಪುಸ್ತಕದಲ್ಲಿ ಪ್ರತಿದಿನ ದಾಖಲಿಸಿದೆ: ಎಲ್ಲಿ ನಡೆದೆ, ಎಷ್ಟು ಹೊತ್ತಿಗೆ, ಗಾಳಿ ಹೇಗಿತ್ತು, ಮಳೆ ಬಂದಿತ್ತೇ, ಸೀನೆಷ್ಟು. ಸೀನಿಗೊಂದು ಗೀಟು. ಕೆಲವು ಪುಟಗಳು ಜಾಲಿ ಬೇಲಿಯಂತೆ ಕಾಣುತ್ತವೆ.

ಪುಸ್ತಕ ಹೇಳಿದ್ದಿಷ್ಟು. ನನಗೆ ಅತ್ಯಂತ ಕೆಟ್ಟ ದಿನವೆಂದರೆ ಮಳೆಯಿಲ್ಲದೆ ಒಣಗಿದ, ಗಾಳಿ ಬೀಸುವ, ಪ್ರಖರ ಬಿಸಿಲಿನ ದಿನ. ಅದರಲ್ಲೂ ಇಬ್ಬನಿ ಆರಿದ ಮೇಲಿನ ಮುಂಜಾವು. ಉತ್ತಮ ದಿನವೆಂದರೆ ರಾತ್ರಿಯೆಲ್ಲ ಮಳೆ ಸುರಿದು ಎಲ್ಲವೂ ತೊಯ್ದಿರುವ ದಿನ. ಆದ್ದರಿಂದ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ನನ್ನ ನಡಿಗೆಗೆ ಗಡಿಯಾರದ ನಿಯಮವಿಲ್ಲ, ಮೋಡದ ನಿಯಮವಿದೆ. ಮಳೆ ನಿಂತ ತಕ್ಷಣ ಪಾದರಕ್ಷೆ ಮೆಟ್ಟಿಕೊಂಡು ಹೊರಡುತ್ತೇನೆ. ಕೆಲಗೇರಿ ಕೆರೆಯ ದಂಡೆ ನನಗೆ ಬಹು ಪ್ರಿಯವಾದ ಸ್ಥಳವಾದರೂ ಈ ಮೂರು ತಿಂಗಳು ಅದಕ್ಕೆ ವಿರಾಮ. ಆಗ ಮರಗಳ ಸಾಲಿರುವ ಡಾಂಬರು ರಸ್ತೆಯೇ ಲೇಸು. ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳಿದರೆ ಅಲ್ಲಿಂದಲೇ ಹಿಂದಿರುಗುತ್ತೇನೆ. ತೀರಾ ಕೆಟ್ಟ ದಿನಗಳಲ್ಲಿ ಕಿಟಕಿ ಮುಚ್ಚಿ ಕೋಣೆಯಲ್ಲಿ ಸೂರ್ಯನಮಸ್ಕಾರ ಹಾಕುತ್ತೇನೆ, ಮನೆಯ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತೇನೆ. ಒಂದು ಸೋಜಿಗವನ್ನು ಗಮನಿಸಿದ್ದೇನೆ: ಕಟ್ಟಿದ ಮೂಗು ಚುರುಕಾಗಿ ನಡೆದ ಐದು ಹತ್ತು ನಿಮಿಷಗಳಲ್ಲಿ ತೆರೆದುಕೊಳ್ಳುತ್ತದೆ. ವ್ಯಾಯಾಮದ ವೇಳೆ ಮೂಗಿನೊಳಗಿನ ರಕ್ತನಾಳಗಳು ಸಂಕುಚಿಸುವುದೇ ಕಾರಣ. ಇದು ತಾತ್ಕಾಲಿಕ, ಆದರೆ ಪುಕ್ಕಟೆ.

ಮಳೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಗುಡುಗು ಮಿಂಚಿನ ಬಿರುಮಳೆ ಬೇರೆಯೇ ಪ್ರಾಣಿ. ಅದು ಎರಗುವ ಮುನ್ನ ಬೀಸುವ ಗಾಳಿ ಪರಾಗವನ್ನು ನೆಲಮಟ್ಟಕ್ಕೆ ತರುತ್ತದೆ. ತೇವಕ್ಕೆ ಕಣಗಳು ಒಡೆದು, ಇನ್ನೂ ಸಣ್ಣ ಚೂರುಗಳಾಗಿ, ಮೂಗನ್ನು ದಾಟಿ ಶ್ವಾಸಕೋಶಕ್ಕೇ ಇಳಿಯುತ್ತವೆ. 2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಹೀಗೆ ರೈ ಹುಲ್ಲಿನ ಪರಾಗದಿಂದ ಸಾವಿರಾರು ಜನ ಉಸಿರಾಟದ ತೊಂದರೆಗೆ ಸಿಲುಕಿದರು, ಹತ್ತು ಮಂದಿ ಅಸುನೀಗಿದರು. ಅವರಲ್ಲಿ ಅನೇಕರಿಗೆ ಅದಕ್ಕೂ ಮುನ್ನ ಅಸ್ತಮಾ ಎಂದು ಯಾರೂ ಹೇಳಿರಲಿಲ್ಲ. ನಿಮ್ಮಲ್ಲಿ ಮೂವರು ಅದೇ ಊರಿನಲ್ಲಿ ನೆಲೆಸಿದ್ದೀರಿ. ಅಲ್ಲಿಯ ವಸಂತದಲ್ಲಿ ಗುಡುಗಿನ ಮುನ್ಸೂಚನೆ ಇದ್ದ ಸಂಜೆ ಓಟಕ್ಕೆ ಹೋಗಬೇಡಿರಪ್ಪಾ.

ಮನೆಗೆ ಬಂದೊಡನೆ ಸ್ನಾನ, ತಲೆಸ್ನಾನವೂ ಸೇರಿ. ತೊಟ್ಟ ಬಟ್ಟೆ ಮಲಗುವ ಕೋಣೆಗೆ ಬರಕೂಡದು. ಈ ಅವಧಿಯಲ್ಲಿ ಧೋತರವನ್ನೂ ದಿಂಬಿನ ಚೀಲವನ್ನೂ ಅಂಗಳದ ತಂತಿಗೆ ಹಾಕದೆ ಒಳಗೇ ಒಣಗಿಸುತ್ತೇವೆ. ಹೊರಗೆ ಹೋಗುವಾಗ ಅಗಲವಾದ ಕನ್ನಡಕ. 2020ರ ಕೊರೋನಾ ಕಾಲದಲ್ಲಿ ಮುಖಗವಸು ತೊಟ್ಟ ವರ್ಷ ನನ್ನ ಪುಸ್ತಕದ ಗೀಟುಗಳು ಗಣನೀಯವಾಗಿ ತಗ್ಗಿದ್ದನ್ನು ಕಂಡು ಅದನ್ನು ಇಂದಿಗೂ ಬಿಟ್ಟಿಲ್ಲ. ಸಂಜೆ ಜಲನೇತಿ. ಕಾಲು ಲೀಟರ್ ನೀರಿಗೆ ಅರ್ಧ ಚಹಾ ಚಮಚಕ್ಕೆ ತುಸು ಕಡಿಮೆ ಉಪ್ಪು. ನೀರನ್ನು ಕುದಿಸಿ ಆರಿಸಿರಲೇಬೇಕು. ನಲ್ಲಿಯ ಅಥವಾ ಬಾವಿಯ ಹಸಿ ನೀರಿನಲ್ಲಿ ಮಿದುಳಿಗೆ ಏರುವ ಅಮೀಬಾ ಇರುವ ಸಾಧ್ಯತೆಯುಂಟು, ಇತ್ತೀಚಿನ ವರ್ಷಗಳಲ್ಲಿ ಕೇರಳದಿಂದ ಅಂಥ ಸೋಂಕಿನ ವರದಿಗಳು ಬಂದಿವೆ. ಯೋಗಗುರುಗಳು ನದಿಯ ದಂಡೆಯಲ್ಲಿ ಕುಳಿತು ನೇತಿ ಮಾಡುವ ಚಿತ್ರಗಳನ್ನು ನೋಡಿ ಅನುಕರಿಸಬೇಡಿ.

ಔಷಧಗಳ ವಿಚಾರದಲ್ಲಿ ನಾನು ವೈದ್ಯನಲ್ಲ. ನಿಮ್ಮ ವೈದ್ಯರನ್ನು ಕೇಳಿ. ಆದರೂ ಎರಡು ಮೂರು ಮಾತು. ನಿದ್ದೆ ತರುವ ಹಳೆಯ ಅಲರ್ಜಿ ಗುಳಿಗೆಗಳು ನಮ್ಮ ವಯಸ್ಸಿನವರಿಗೆ ಸಲ್ಲ. ತಲೆ ಮಂಕಾಗುತ್ತದೆ, ಗಂಡಸರಿಗೆ ಮೂತ್ರ ಕಟ್ಟುವುದೂ ಉಂಟು. ಈಗ ಹೆಚ್ಚು ಮಂಪರು ತರದವು ದೊರೆಯುತ್ತವೆ. ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಔಷಧ ಬಹಳ ಉಪಯುಕ್ತ, ಆದರೆ ಅದು ತಲೆನೋವಿನ ಗುಳಿಗೆಯಂತೆ ಬೇಕಾದಾಗ ನುಂಗುವಂಥದ್ದಲ್ಲ. ಪೂರ್ಣ ಗುಣ ಕಾಣಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆದ್ದರಿಂದ ನಾನು ಶ್ರಾವಣದ ಕೊನೆಗೇ ಆರಂಭಿಸುತ್ತೇನೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ನಡುಗೋಡೆಗೆ ತಾಗದಂತೆ ಹೊರಮುಖವಾಗಿ ಸಿಂಪಡಿಸಬೇಕು. ಕಟ್ಟಿದ ಮೂಗನ್ನು ಕ್ಷಣಾರ್ಧದಲ್ಲಿ ತೆರೆಯುವ ಹನಿಗಳು ಬೇರೆ, ಅವುಗಳನ್ನು ಇದರೊಂದಿಗೆ ಬೆರೆಸಿಕೊಳ್ಳಬಾರದು. ನನ್ನ ಸಹೋದ್ಯೋಗಿಯೊಬ್ಬರು ಆ ಹನಿಗಳನ್ನು ಎರಡು ವರ್ಷ ಬಿಡದೆ ಹಾಕಿಕೊಂಡು, ಕೊನೆಗೆ ಹನಿಯಿಲ್ಲದೆ ಮೂಗೇ ತೆರೆಯದ ಸ್ಥಿತಿಗೆ ಬಂದಿದ್ದರು. ಐದಾರು ದಿನಕ್ಕಿಂತ ಹೆಚ್ಚು ಬಳಸಿದರೆ ಅವೇ ಮೂಗನ್ನು ಕಟ್ಟುತ್ತವೆ. ಊರ ಜೇನುತುಪ್ಪ ತಿಂದರೆ ಪರಾಗ ಒಗ್ಗುತ್ತದೆಂದು ಹೇಳುವವರಿದ್ದಾರೆ. ಜೇನ್ನೊಣ ಹೆಚ್ಚಾಗಿ ತರುವುದು ಅಲಂಕಾರದ ಹೂಗಳ ಪರಾಗವನ್ನು, ನಮ್ಮನ್ನು ಕಾಡುವುದು ಗಾಳಿಯ ಪರಾಗ. ಜೇನು ರುಚಿಗಾಗಿ ತಿನ್ನಿ.

ಒಗ್ಗಿಸುವ ನಿಜವಾದ ಚಿಕಿತ್ಸೆಯೂ ಇದೆ. 1911ರಲ್ಲಿ ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತ ಚುಚ್ಚುವ ವಿಧಾನವನ್ನು ಪ್ರಕಟಿಸಿದ. ಎರಡೇ ವರ್ಷಗಳಲ್ಲಿ ಕ್ಷಯದಿಂದ ತೀರಿಕೊಂಡ. ಗೆಳೆಯ ಜಾನ್ ಫ್ರೀಮನ್ ಅದನ್ನು ಮುಂದುವರಿಸಿದ. ಈಗಲೂ ಮೂರರಿಂದ ಐದು ವರ್ಷ ಹಿಡಿಯುವ ತಪಸ್ಸು ಅದು. ನಾನು ಮಾಡಿಸಿಕೊಂಡಿಲ್ಲ, ಮಾಡಿಸಿಕೊಂಡು ಸುಖ ಕಂಡವರನ್ನು ಬಲ್ಲೆ.

ಇನ್ನು ಆ ವಾಗ್ವಾದ. ನನ್ನ ಮಗಳ ಮಗಳಿಗೆ ಹದಿಮೂರು ವರ್ಷ. ಖೋ ಖೋ ಆಟದಲ್ಲಿ ಶಾಲೆಯ ತಂಡದಲ್ಲಿದ್ದಾಳೆ. ಕಳೆದ ಅಕ್ಟೋಬರಿನಲ್ಲಿ ಅಭ್ಯಾಸ ಮುಗಿಸಿ ಕುಳಿತ ಐದಾರು ನಿಮಿಷಕ್ಕೆ ಅವಳ ಎದೆಯಲ್ಲಿ ಸಿಳ್ಳೆ ಎದ್ದಿತು. ಆ ಸದ್ದನ್ನು ನಾನು ನಾಲ್ಕು ದಶಕಗಳ ಅನಂತರ ಕೇಳಿದೆ. ಮಗಳು ಮರುದಿನವೇ ಶಾಲೆಗೆ ಚೀಟಿ ಬರೆದು ಆಟ ಬಿಡಿಸಿದಳು. “ಅಪ್ಪಾ, ಆಟಕ್ಕಿಂತ ಜೀವ ದೊಡ್ಡದು. ಮನ್ಯಾಗ ಕೇರಂ ಆಡ್ಲಿ” ಎಂಬುದು ಅವಳ ವಾದ. ತಾಯಿಯ ಭಯವನ್ನು ಅಲ್ಲಗಳೆಯುವುದು ಸುಲಭವಲ್ಲ. ನನ್ನ ಅವ್ವನೂ ಇದೇ ಮಾತನ್ನು ಅಪ್ಪನಿಗೆ ಹೇಳಿದ್ದಳು. ಮೊಮ್ಮಗಳು ಎರಡು ದಿನ ಮೌನವಾಗಿದ್ದು ಮೂರನೆಯ ದಿನ, “ಅಜ್ಜಾ, ಆಡಾಕ ಬಿಡದಿದ್ರ ನಾ ನೋಡಾಕೂ ಹೋಗಂಗಿಲ್ಲ” ಎಂದಳು.

ಮಗಳನ್ನು ಕೂರಿಸಿಕೊಂಡು ಅಪ್ಪನ ಕೊನೆಯ ಐದು ವರ್ಷಗಳ ಕಥೆಯನ್ನು ಮೊದಲ ಬಾರಿಗೆ ಸವಿಸ್ತಾರವಾಗಿ ಹೇಳಿದೆ. ಅವಳು ಹುಟ್ಟುವ ಮುಂಚಿನ ಸಂಗತಿ. ಅಜ್ಜ ದಮ್ಮಿನಿಂದ ಹೋದರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಆಡಿಸು ಎಂದು ನಾನು ಹೇಳಲಿಲ್ಲ. ತಜ್ಞರಿಗೆ ತೋರಿಸಿ ನಿರ್ಧರಿಸೋಣ ಎಂದೆ. ವೈದ್ಯೆ ಆಕೆಯನ್ನು ಯಂತ್ರಕ್ಕೆ ಜೋರಾಗಿ ಊದಿಸಿ, ಔಷಧ ಸೇದಿಸಿ, ಮತ್ತೆ ಊದಿಸಿ ನೋಡಿದರು. ಹುಲ್ಲಿನ ಪರಾಗದ ಅಲರ್ಜಿ, ಜೊತೆಗೆ ಸೌಮ್ಯ ಅಸ್ತಮಾ. ಮೂಗು ಶ್ವಾಸಕೋಶಗಳು ಒಂದೇ ದಾರಿಯ ಎರಡು ತುದಿಗಳು, ಮೇಲಿನದನ್ನು ಅಲಕ್ಷಿಸಿದರೆ ಕೆಳಗಿನದು ಕೆಡುತ್ತದೆ ಎಂದು ವಿವರಿಸಿದರು. ಆಟದ ವಿಷಯ ಬಂದಾಗ ಅವರು ತಾವಾಗಿಯೇ ಜಾಕಿ ಜಾಯ್ನರ್ ಕರ್ಸಿಯ ಹೆಸರೆತ್ತಿದರು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಏಳು ಸ್ಪರ್ಧೆಗಳ ಹೆಪ್ಟಥ್ಲಾನಿನಲ್ಲಿ 7291 ಅಂಕಗಳ ವಿಶ್ವದಾಖಲೆ ಬರೆದ ಆಕೆ ಅಸ್ತಮಾ ರೋಗಿ. ಮಗಳಿಗಿಂತ ಮೊಮ್ಮಗಳು ಅದನ್ನು ಗಮನವಿಟ್ಟು ಕೇಳಿಸಿಕೊಂಡಳು.

‘ಪಂಪು’ ಎಂದೊಡನೆ ನಮ್ಮ ಬಳಗದಲ್ಲಿ ಗುಸುಗುಸು ಶುರುವಾಯಿತು. ಹೆಣ್ಣು ಹುಡುಗಿ, ಚಟವಾಗುತ್ತದೆ, ನಾಳೆ ಮದುವೆಯ ಮಾತು ಬಂದರೆ? ಈ ಪುಟವನ್ನು ಓದುವ ಬಂಧುಗಳಿಗೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಸೇದುವ ಔಷಧ ಚಟವಲ್ಲ. ನುಂಗುವ ಗುಳಿಗೆಯೂ ಚುಚ್ಚುವ ಸೂಜಿಯೂ ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರುತ್ತವೆ. ಪಂಪು ನೇರವಾಗಿ ಅಲ್ಲಿಗೇ, ಅತಿ ಕಡಿಮೆ ಪ್ರಮಾಣದಲ್ಲಿ ತಲುಪಿಸುತ್ತದೆ. ಉಬ್ಬಸ ಬಂದಾಗ ನಾಳವನ್ನು ಹಿಗ್ಗಿಸುವ ಔಷಧವೊಂದನ್ನೇ ಸೇದಿ ಸುಮ್ಮನಿರುವುದು ಸಾಲದೆಂದು, 12 ವರ್ಷ ಮೇಲ್ಪಟ್ಟವರಿಗೆ ಉರಿಯೂತ ತಗ್ಗಿಸುವ ಔಷಧವೂ ಕೂಡಿರಬೇಕೆಂದು 2019ರಿಂದ ಅಂತಾರಾಷ್ಟ್ರೀಯ ಅಸ್ತಮಾ ಮಾರ್ಗದರ್ಶಿ ಸೂತ್ರಗಳೇ ಹೇಳುತ್ತಿವೆ. ಅಪ್ಪನಿಗೆ ದಕ್ಕದೇ ಹೋದದ್ದು ಅದೇ.

ವೈದ್ಯೆ ಒಂದು ಹಾಳೆಯಲ್ಲಿ ಬರೆದುಕೊಟ್ಟ ಕ್ರಮದ ಪ್ರತಿಯನ್ನು ನಾನೇ ಶಾಲೆಗೆ ಒಯ್ದು ದೈಹಿಕ ಶಿಕ್ಷಕರ ಕೈಗೆ ಕೊಟ್ಟೆ. ಆಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವುದು, ಆಟ ಮುಗಿದೊಡನೆ ಧೊಪ್ಪನೆ ಕೂರದೆ ನಡೆದಾಡುತ್ತ ತಣಿಯುವುದು, ಪಂಪು ಚೀಲದಲ್ಲಲ್ಲ, ಮೈದಾನದಲ್ಲಿ ಕೈಗೆಟಕುವಂತಿರುವುದು, ಮಾತನಾಡಲು ಉಸಿರು ಸಾಲದಂತಾದರೆ ಔಷಧ ಕೊಟ್ಟು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು. ಮೈದಾನದ ಅಂಚಿನ ಹುಲ್ಲನ್ನು ಆಟದ ಅವಧಿಯಲ್ಲಿಯೇ ಕತ್ತರಿಸುತ್ತಿದ್ದುದು ಕಣ್ಣಿಗೆ ಬಿತ್ತು. ತೆನೆ ಬಿಡುವ ಮೊದಲೇ, ಮಕ್ಕಳು ಮನೆಗೆ ಹೋದ ಶನಿವಾರ ಮಧ್ಯಾಹ್ನ ಕತ್ತರಿಸಿದರಾದೀತೇ ಎಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ. ಮುದುಕ ಮಾಸ್ತರನೆಂಬ ಗೌರವದಿಂದಲೋ ಏನೋ ಒಪ್ಪಿದರು. ಅದೇ ತರಗತಿಗಳಲ್ಲಿ ಸೀನುವ ಮಕ್ಕಳು ಇನ್ನೂ ಇಬ್ಬರಿದ್ದರಂತೆ; ಆಟದ ಅವಧಿಯಲ್ಲಿ ಅವರನ್ನು ಗ್ರಂಥಾಲಯದಲ್ಲಿ ಕೂರಿಸುತ್ತಿದ್ದರಂತೆ.

ಈ ವರ್ಷ ಮೊಮ್ಮಗಳು ಶ್ರಾವಣದಲ್ಲಿಯೇ ಮೂಗಿನ ಸಿಂಪಡಿಕೆ ಆರಂಭಿಸಿದ್ದಾಳೆ, ನನ್ನ ಜೊತೆಯಲ್ಲಿ, ಬೆಳಗ್ಗೆ ಒಂದೇ ಕನ್ನಡಿಯ ಮುಂದೆ. ನನ್ನ ನೋಟುಪುಸ್ತಕದಂಥದ್ದೇ ಒಂದನ್ನು ಅವಳಿಗೂ ಕೊಟ್ಟಿದ್ದೇನೆ. ಅವಳು ಗೀಟಿನ ಬದಲು ನಕ್ಷತ್ರ ಬಿಡಿಸುತ್ತಾಳೆ. ಕಳೆದ ತಿಂಗಳು ಒಂದು ದಿನ ಸಿಳ್ಳೆ ಎದ್ದಿತ್ತು. ತಾನಾಗಿಯೇ ಆಟದಿಂದ ಹೊರಬಂದು, ಔಷಧ ಸೇದಿ, ಅಂದು ಮರಳಿ ಇಳಿಯಲಿಲ್ಲವೆಂದು ಶಿಕ್ಷಕರು ತಿಳಿಸಿದರು. ತಾಲೂಕು ಮಟ್ಟದ ಪಂದ್ಯಗಳು ಮುಂದಿನ ವಾರ. ಮಗಳು ರಜೆ ಹಾಕಿ ನೋಡಲು ಹೋಗುವವಳಿದ್ದಾಳೆ. ತನ್ನ ಕೈಚೀಲದಲ್ಲಿ ಇನ್ನೊಂದು ಪಂಪನ್ನು ಈಗಲೇ ಇಟ್ಟುಕೊಂಡಿದ್ದಾಳೆ.